ಮಗು ಹುಡುಕುವ ಮಾತೇ ಪಾಠದ ಶೀರ್ಷಿಕೆಯಾಗಲಿ



ಗಡಿನಾಡಿನ ಕನ್ನಡ ಶಾಲೆಗಳಲ್ಲಿ ವಿಜ್ಞಾನದ ಬಗ್ಗೆ ಬರೆಯುವ ಟೀಚರುಗಳು, ಮಾಸ್ಟ್ರುಗಳು ಕಡಿಮೆಯೇನಿಲ್ಲ. ಪಾಠದ ನೋಟ್ಸ್, ಪ್ರಯೋಗದ ವಿವರ, ವಿಜ್ಞಾನ ದಿನದ ಭಾಷಣ, ರಸಪ್ರಶ್ನೆ ಎಲ್ಲ ಬೇಕಾದಷ್ಟು ಉಂಟು. ಆದರೆ ಒಂದು ಮಾತು ಕೇಳುತ್ತೇನೆ. ನೀವು ಎರಡು ವರ್ಷದ ಹಿಂದೆ ರಾತ್ರಿ ಕೂತು ಬರೆದ ನೋಟ್ಸ್ ಇವತ್ತು ಜತ್ತದ ಒಬ್ಬ ಹುಡುಗಿಗೋ ತಾಳವಾಡಿಯ ಒಬ್ಬ ಹುಡುಗನಿಗೋ ಬೇಕಾಯಿತು ಅನ್ನಿ. ಫೋನಿನಲ್ಲಿ ಹುಡುಕಿದರೆ ಅವರಿಗೆ ಅದು ಸಿಗುತ್ತದೆಯೇ? ಹೆಚ್ಚಿನ ಪಾಲು ಸಿಗುವುದಿಲ್ಲ. ಬರಹ ಚೆನ್ನಾಗಿಲ್ಲ ಎಂದಲ್ಲ, ಅದನ್ನು ಜೋಡಿಸಿಟ್ಟ ರೀತಿ ಹಾಗಿದೆ.

ಶೀರ್ಷಿಕೆ, ಪ್ಯಾರಾ, ಫಾಂಟ್, ಚಿತ್ರದ ಅಡಿಬರಹ ಇವೆಲ್ಲ ಡಿಟಿಪಿಯವರ ಕೆಲಸ, ನಮ್ಮದು ವಿಷಯ ಮಾತ್ರ ಎಂದು ನಮ್ಮಲ್ಲಿ ಹಲವರ ಎಣಿಕೆ. ಇದನ್ನು ನಾನು ಒಪ್ಪುವುದಿಲ್ಲ. ಕಪ್ಪುಹಲಗೆಯ ಮೇಲೆ ಬರೆಯುವಾಗ ಮೇಲೆ ಪಾಠದ ಹೆಸರು, ಕೆಳಗೆ ಅಂಶಗಳು, ಬದಿಯಲ್ಲಿ ಚಿತ್ರ ಎಂದು ನಾವೇ ಜೋಡಿಸುತ್ತೇವಲ್ಲ? ಕೊನೆಯ ಬೆಂಚಿನ ಮಗುವಿಗೂ ಕಾಣಬೇಕು ಎಂಬ ಕಾಳಜಿ ಅದು. ಅಂತರ್ಜಾಲದಲ್ಲಿ ನಮ್ಮ ಕೊನೆಯ ಬೆಂಚು ಅಕ್ಕಲಕೋಟೆಯಲ್ಲಿದೆ, ರಾಯದುರ್ಗದಲ್ಲಿದೆ, ವಯನಾಡಿನಲ್ಲಿದೆ. ಬರಹ ಅಲ್ಲಿಯವರೆಗೂ ಕಾಣಬೇಕಾದರೆ ಜೋಡಣೆಯೂ ಅಧ್ಯಾಪಕರ ಕೆಲಸವೇ.

ಒಂದು ಗ್ರಹಣದ ಉದಾಹರಣೆ

2019ರ ಡಿಸೆಂಬರ್ 26ರ ಕಂಕಣ ಸೂರ್ಯಗ್ರಹಣ ನಿಮಗೆ ನೆನಪಿರಬಹುದು. ಅದರ ಹಾದಿ ಕಾಸರಗೋಡು, ವಯನಾಡು, ನೀಲಗಿರಿಗಳ ಮೇಲೆಯೇ ಹೋಯಿತು. ಕಾಸರಗೋಡು ಜಿಲ್ಲೆಯ ಚೆರುವತ್ತೂರಿನಲ್ಲಿ ಬೆಳಿಗ್ಗೆ ಒಂಬತ್ತೂವರೆಯ ಸುಮಾರಿಗೆ ಸೂರ್ಯ ಬಳೆಯ ಹಾಗೆ ಕಂಡಿತು, ನೋಡಲು ದೂರದೂರದಿಂದ ಜನ ಬಂದರು. ಅದೇ ದಿನ ಕಲಬುರಗಿ ಹತ್ತಿರದ ಹಳ್ಳಿಯೊಂದರಲ್ಲಿ, ಅಂಗವೈಕಲ್ಯ ಗುಣವಾಗುತ್ತದೆ ಎಂಬ ನಂಬಿಕೆಯಿಂದ, ಮಕ್ಕಳನ್ನು ಕುತ್ತಿಗೆಯವರೆಗೆ ಮಣ್ಣಿನಲ್ಲಿ ಹೂತ ಸುದ್ದಿ ಪತ್ರಿಕೆಗಳಲ್ಲಿ ಬಂತು.

ಈಗ ನಿಮ್ಮ ಫೋನಿನಲ್ಲಿ ಕನ್ನಡದಲ್ಲಿ "ಸೂರ್ಯಗ್ರಹಣ" ಎಂದು ಹುಡುಕಿ ನೋಡಿ. ಯಾವ ರಾಶಿಗೆ ಕೆಡುಕು, ಗರ್ಭಿಣಿಯರು ಏನು ಮಾಡಬಾರದು, ಊಟ ಯಾವಾಗ ಮಾಡಬೇಕು ಎಂಬ ಪುಟಗಳು ಎಷ್ಟಿವೆ, ಚಂದ್ರನ ನೆರಳಿನ ಬಗ್ಗೆ ಹೇಳುವ ಪುಟಗಳು ಎಷ್ಟಿವೆ, ನೀವೇ ಎಣಿಸಿ. ಆ ಪುಟಗಳನ್ನು ಬೈದು ಸುಮ್ಮನಾಗುವ ಬದಲು ಅವು ಯಾಕೆ ಮೇಲೆ ಬರುತ್ತವೆ ಎಂದು ನೋಡೋಣ. "ಗ್ರಹಣದ ದಿನ ಊಟ ಮಾಡಬಹುದೇ?" ಎಂಬುದೇ ಅವುಗಳ ಶೀರ್ಷಿಕೆ. ಜನ ಕೇಳುವ ಪ್ರಶ್ನೆ ಕೂಡ ಅದೇ. ಒಳಗೆ ದಿನಾಂಕ ಇದೆ, ಸಮಯ ಇದೆ, ಪ್ರತಿಯೊಂದು ಪ್ರಶ್ನೆಗೂ ಒಂದು ಉಪಶೀರ್ಷಿಕೆ ಇದೆ, ಪ್ಯಾರಾಗಳು ಚಿಕ್ಕವು.

ನಾವೋ? "ನಭೋಮಂಡಲದ ಒಂದು ವಿಸ್ಮಯ" ಎಂದು ಶೀರ್ಷಿಕೆ ಕೊಟ್ಟು, ಎರಡು ಪುಟ ಎಡೆಬಿಡದೆ ಬರೆದು, ಅದರ ಫೋಟೋ ತೆಗೆದು ವಾಟ್ಸಾಪ್ ಗುಂಪಿಗೆ ಹಾಕುತ್ತೇವೆ. ನಮ್ಮ ವಿಷಯ ಸರಿ, ಅವರದ್ದು ತಪ್ಪು. ಆದರೆ ಮಗುವಿನ ಪ್ರಶ್ನೆಗೆ ಮೊದಲು ಓಗೊಟ್ಟವರು ಅವರು. ಸೋಲು ಅಲ್ಲಿದೆ.

ಓದುಗರು ಹೇಗೆ ಓದುತ್ತಾರೆ

ಪರದೆಯ ಮೇಲೆ ಜನ ಪುಸ್ತಕ ಓದಿದ ಹಾಗೆ ಓದುವುದಿಲ್ಲ. ಜೇಕಬ್ ನೀಲ್ಸನ್ ಎಂಬವರು 1997ರಲ್ಲಿ ನಡೆಸಿದ ಪರೀಕ್ಷೆಯಲ್ಲಿ 100ಕ್ಕೆ 79 ಮಂದಿ ಹೊಸ ಪುಟದ ಮೇಲೆ ಕಣ್ಣು ಹಾಯಿಸಿದ್ದು ಮಾತ್ರ; ಪದ ಪದ ಓದಿದವರು 16 ಮಂದಿ. 2006ರಲ್ಲಿ ಅವರ ಸಂಸ್ಥೆ 232 ಜನರ ಕಣ್ಣಿನ ಚಲನೆಯನ್ನೇ ದಾಖಲಿಸಿ ನೋಡಿತು. ಮೊದಲ ಸಾಲನ್ನು ಉದ್ದಕ್ಕೂ ಓದುತ್ತಾರೆ, ಸ್ವಲ್ಪ ಕೆಳಗೆ ಇನ್ನೊಂದು ಸಾಲನ್ನು ಅರ್ಧ ಓದುತ್ತಾರೆ, ಆಮೇಲೆ ಎಡಬದಿಯಲ್ಲೇ ಕಣ್ಣು ಕೆಳಗಿಳಿಯುತ್ತದೆ. ಇಂಗ್ಲಿಷಿನ ಎಫ್ ಅಕ್ಷರದ ಹಾಗೆ. ಅವರು ನೋಡಿದ್ದು ಇಂಗ್ಲಿಷ್ ಓದುಗರನ್ನು ನಿಜ. ಆದರೆ ಕನ್ನಡವೂ ಎಡದಿಂದ ಬಲಕ್ಕೇ ಹೋಗುತ್ತದೆ, ನಮ್ಮ ಮಕ್ಕಳೂ ಅದೇ ಚಿಕ್ಕ ಪರದೆಯಲ್ಲಿ ಹೆಬ್ಬೆರಳಿನಿಂದ ಸರಿಸುತ್ತಲೇ ಓದುತ್ತಾರೆ.

ಹಾಗಾದರೆ ಮಾಡಬೇಕಾದ್ದು ಏನು? ಮುಖ್ಯ ವಿಷಯ ಮೊದಲ ಎರಡು ಸಾಲಿನಲ್ಲೇ ಬರಬೇಕು. "ಚಂದ್ರ ಭೂಮಿಯಿಂದ ದೂರದಲ್ಲಿದ್ದಾಗ ನಮಗೆ ಚಿಕ್ಕದಾಗಿ ಕಾಣುತ್ತದೆ. ಆ ಹೊತ್ತಿಗೆ ಅದು ಸೂರ್ಯನಿಗೆ ಸರಿಯಾಗಿ ಅಡ್ಡ ಬಂದರೆ ಸೂರ್ಯ ಪೂರ್ತಿ ಮುಚ್ಚದೆ ಸುತ್ತ ಒಂದು ಬಳೆ ಉಳಿಯುತ್ತದೆ. ಇದೇ ಕಂಕಣ ಸೂರ್ಯಗ್ರಹಣ." ಇಷ್ಟು ಮೊದಲು ಹೇಳಿಬಿಡಿ. ಪುರಾಣ, ಇತಿಹಾಸ, ಸ್ವಾರಸ್ಯ ಆಮೇಲೆ ಬರಲಿ. 2003ರಲ್ಲಿ ಆರಂಭವಾದ ಕನ್ನಡ ವಿಕಿಪೀಡಿಯದ ಒಳ್ಳೆಯ ಲೇಖನಗಳನ್ನು ತೆರೆದು ನೋಡಿ. ಮೊದಲ ವಾಕ್ಯದಲ್ಲೇ ವಿಷಯ ಏನೆಂದು ಹೇಳುವ ರೂಢಿ ಅಲ್ಲಿ ಉಂಟು. ಅದು ನಮಗೂ ಆಗುತ್ತದೆ.

ಒಂದು ಪ್ಯಾರಾದಲ್ಲಿ ಒಂದು ವಿಷಯ ಸಾಕು. ಉಪಶೀರ್ಷಿಕೆಗಳು ಮಕ್ಕಳ ಪ್ರಶ್ನೆಗಳೇ ಆಗಲಿ: "ಬರಿಗಣ್ಣಿನಲ್ಲಿ ನೋಡಬಹುದೇ?", "ಪ್ರತಿ ಅಮಾವಾಸ್ಯೆಗೆ ಯಾಕೆ ಗ್ರಹಣ ಆಗುವುದಿಲ್ಲ?", "ಎಕ್ಸ್‌ರೇ ಫಿಲ್ಮ್ ಹಿಡಿದು ನೋಡಿದರೆ ಆಗದೇ?" ಈ ಮೂರನೆಯದ್ದಕ್ಕೆ ಉತ್ತರ "ಆಗದು". ಐಎಸ್ಒ 12312-2 ಮಾನಕದ ಗ್ರಹಣ ಕನ್ನಡಕ ಬೇಕು, ಇಲ್ಲವೇ ಸೂಜಿರಂಧ್ರದಿಂದ ಕಾಗದದ ಮೇಲೆ ಬಿಂಬ ಬೀಳಿಸಿ ನೋಡಬೇಕು. ಇಂಥ ಉತ್ತರ ನಾಲ್ಕನೇ ಪುಟದ ಮಧ್ಯದಲ್ಲಿ ಅಡಗಿ ಕೂತರೆ ಯಾರಿಗೆ ಪ್ರಯೋಜನ? ಕಣ್ಣಿನ ವಿಷಯ ಅದು, ಹೊತ್ತಿಗೆ ಸರಿಯಾಗಿ ಸಿಗಬೇಕು.

ಸರ್ಚ್ ಎಂಜಿನ್ ಏನನ್ನು ನೋಡುತ್ತದೆ

ಗೂಗಲ್‌ನಂಥ ಸರ್ಚ್ ಎಂಜಿನ್ನಿಗೆ ನಮ್ಮ ಪುಟದ ಚೆಂದ ಕಾಣುವುದಿಲ್ಲ. ಪುಟದ ಶೀರ್ಷಿಕೆ, ಒಳಗಿನ ಉಪಶೀರ್ಷಿಕೆ, ಪಠ್ಯ, ಚಿತ್ರಕ್ಕೆ ಕೊಟ್ಟ ವಿವರಣೆ, ಬೇರೆ ಪುಟಗಳಿಂದ ಬಂದ ಕೊಂಡಿ ಇವುಗಳಿಂದ ಅದು ವಿಷಯ ತಿಳಿದುಕೊಳ್ಳುತ್ತದೆ. ಲ್ಯಾರಿ ಪೇಜ್ ಮತ್ತು ಸೆರ್ಗೆ ಬ್ರಿನ್ 1998ರಲ್ಲಿ ಗೂಗಲ್ ಶುರುಮಾಡಿದಾಗಿನ ಮುಖ್ಯ ಉಪಾಯವೇ ಕೊಂಡಿಗಳನ್ನು ಎಣಿಸಿ ತೂಗುವುದಾಗಿತ್ತು. ಆದ್ದರಿಂದ ಒಂದು ಶಾಲೆಯ ಪುಟ ಇನ್ನೊಂದು ಶಾಲೆಯ ಒಳ್ಳೆಯ ಪುಟಕ್ಕೆ ಕೊಂಡಿ ಕೊಡಬೇಕು. ಕೊಡುವಾಗ "ಇಲ್ಲಿ ಒತ್ತಿ" ಎಂದು ಬರೆಯದೆ "ಸೂಜಿರಂಧ್ರ ಕ್ಯಾಮೆರಾ ಮಾಡುವ ವಿಧಾನ" ಎಂದೇ ಬರೆಯಬೇಕು. ಓದುವವರಿಗೂ ಅದು ಅನುಕೂಲ, ಯಂತ್ರಕ್ಕೂ ಅನುಕೂಲ.

ಶೀರ್ಷಿಕೆಯನ್ನು ದಪ್ಪಕ್ಷರ ಮಾಡಿ ದೊಡ್ಡದು ಮಾಡಿದರೆ ಸಾಲದು. ಬರೆಯುವ ತಂತ್ರಾಂಶದಲ್ಲಿ "ಹೆಡಿಂಗ್ 1", "ಹೆಡಿಂಗ್ 2" ಎಂಬ ಶೈಲಿಗಳು ಇರುತ್ತವೆ. ಕೇರಳದ ಶಾಲೆಗಳಲ್ಲಿರುವ ಲಿಬ್ರೆ ಆಫೀಸಿನಲ್ಲೂ ಉಂಟು, ವರ್ಡ್‌ನಲ್ಲೂ ಉಂಟು. ಅದನ್ನು ಆರಿಸಿದರೆ ಮಾತ್ರ ಇದು ಶೀರ್ಷಿಕೆ ಎಂದು ಯಂತ್ರಕ್ಕೆ ತಿಳಿಯುತ್ತದೆ. ಇದರ ಇನ್ನೊಂದು ಉಪಕಾರ ದೃಷ್ಟಿ ಇಲ್ಲದ ಮಕ್ಕಳಿಗೆ. ಎನ್‌ವಿಡಿಎ ಎಂಬ ಉಚಿತ ಪರದೆ ಓದುವ ತಂತ್ರಾಂಶದಲ್ಲಿ ಎಚ್ ಕೀಲಿ ಒತ್ತಿದರೆ ಒಂದು ಶೀರ್ಷಿಕೆಯಿಂದ ಮುಂದಿನದಕ್ಕೆ ಹೋಗಬಹುದು. ದಪ್ಪಕ್ಷರ ಮಾತ್ರ ಮಾಡಿಟ್ಟರೆ ಆ ಮಗು ಇಡೀ ಪುಟವನ್ನು ಮೊದಲಿಂದ ಕೊನೆಯವರೆಗೆ ಕೇಳುತ್ತ ಕೂರಬೇಕು.

ಒಂದು ಎಚ್ಚರಿಕೆಯ ಮಾತು. ಒಂದೇ ಪದವನ್ನು ಇಪ್ಪತ್ತು ಸಲ ತುರುಕಿದರೆ ಪುಟ ಮೇಲೆ ಬರುತ್ತದೆ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಹಾಗೆ ಮಾಡುವುದನ್ನು ಗೂಗಲ್ ಮೋಸವೆಂದೇ ಎಣಿಸುತ್ತದೆ. ಪುಟದ ಒಳಗೆ ಕಾಣದ ಹಾಗೆ ಕೀವರ್ಡ್‌ಗಳ ಪಟ್ಟಿ ಇಡುವ ಹಳೆಯ ಪದ್ಧತಿಯನ್ನೂ ತಾನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ ಎಂದು 2009ರಲ್ಲೇ ಅದು ಹೇಳಿತು. ಮಗುವಿಗೆ ಸ್ಪಷ್ಟವಾಗಿ ಬರೆದದ್ದೇ ಯಂತ್ರಕ್ಕೂ ಸ್ಪಷ್ಟವಾಗುತ್ತದೆ. ಯಂತ್ರಕ್ಕೆಂದು ಬರೆದದ್ದು ಇಬ್ಬರಿಗೂ ಆಗುವುದಿಲ್ಲ.

ಕನ್ನಡಕ್ಕೇ ಇರುವ ತೊಡಕುಗಳು

ಇಂಗ್ಲಿಷಿನವರು ಬರೆದ ಸಲಹೆಗಳನ್ನು ಹಾಗೆಯೇ ನಮಗೆ ಅನ್ವಯಿಸಿದರೆ ಸಾಲದು. ನಮ್ಮದೇ ನಾಲ್ಕು ತೊಡಕುಗಳಿವೆ.

ಮೊದಲನೆಯದು ಅಕ್ಷರಗಳ ಸಂಕೇತ. ಯೂನಿಕೋಡ್‌ನಲ್ಲಿ 1991ರ ಮೊದಲ ಆವೃತ್ತಿಯಿಂದಲೇ ಕನ್ನಡಕ್ಕೆ ಜಾಗ ಇದೆ. ಆದರೂ ನಮ್ಮ ಎಷ್ಟೋ ನೋಟ್ಸ್ ಇನ್ನೂ ಹಳೆಯ ನುಡಿ, ಬರಹ ಫಾಂಟುಗಳಲ್ಲೇ ಇವೆ. ಆ ಫಾಂಟುಗಳಲ್ಲಿ ಬರೆದದ್ದು ಕಣ್ಣಿಗೆ ಕನ್ನಡ, ಯಂತ್ರಕ್ಕೆ ಅಲ್ಲ. ಹಳೆಯ ನುಡಿಯಲ್ಲಿ "ಕನ್ನಡ" ಎಂದು ಬರೆದು ಫಾಂಟ್ ಬದಲಿಸಿ ನೋಡಿ. ಇಂಗ್ಲಿಷಿನ ಪಿ, ತಲೆಯ ಮೇಲೆ ಗೆರೆ ಇರುವ ಎ, ಪೌಂಡ್ ಹಣದ ಗುರುತು ಸಾಲಾಗಿ ಕಾಣುತ್ತವೆ. ಸರ್ಚ್ ಎಂಜಿನ್ ನೋಡುವುದೂ ಅದನ್ನೇ. "ಗ್ರಹಣ" ಎಂದು ಹುಡುಕಿದ ಮಗುವಿಗೆ ಅದು ಹೇಗೆ ಸಿಕ್ಕೀತು? ಇತ್ತೀಚಿನ ನುಡಿಯಲ್ಲೇ ಯೂನಿಕೋಡ್ ಆಯ್ಕೆ ಇದೆ, ಕೀಲಿಗಳ ವಿನ್ಯಾಸ ಹಳೆಯದೇ, ಕೈಗೆ ಹೊಸ ಅಭ್ಯಾಸ ಬೇಡ. ಹಳೆಯ ಕಡತಗಳನ್ನು ಬದಲಿಸಲು ಉಚಿತ ಪರಿವರ್ತಕಗಳಿವೆ. ಬದಲಿಸಿದ ಮೇಲೆ ಅರ್ಕಾವತ್ತು, ಒತ್ತಕ್ಷರ, ಮಧ್ಯೆ ಇದ್ದ ಇಂಗ್ಲಿಷ್ ಪದ, ರಾಸಾಯನಿಕ ಸೂತ್ರ ಇವನ್ನು ಒಮ್ಮೆ ಓದಿ ತಿದ್ದಬೇಕು, ಅಷ್ಟೇ.

ಎರಡನೆಯದು ವಿಭಕ್ತಿ. ನಮ್ಮ ಪದಗಳು ಪ್ರತ್ಯಯ ಸೇರಿದಾಗ ರೂಪ ಬದಲಿಸುತ್ತವೆ. "ನೆರಳು" ಎಂಬುದು ವಾಕ್ಯದಲ್ಲಿ ನೆರಳಿನ, ನೆರಳಿನಲ್ಲಿ, ನೆರಳಿಗೆ ಆಗುತ್ತದೆ. ಕೊನೆಯ ಉಕಾರವೇ ಹೋಗಿಬಿಡುತ್ತದೆ. ಕಡತದ ಒಳಗೆ "ನೆರಳು" ಎಂದು ಹುಡುಕಿದರೆ "ನೆರಳಿನಲ್ಲಿ" ಸಿಗುವುದಿಲ್ಲ. ದೊಡ್ಡ ಸರ್ಚ್ ಎಂಜಿನ್ನುಗಳು ಈ ರೂಪಗಳನ್ನು ಸ್ವಲ್ಪ ಮಟ್ಟಿಗೆ ಹೊಂದಿಸಿಕೊಂಡಾವು, ಆದರೆ ಅದನ್ನೇ ನೆಚ್ಚಿಕೊಳ್ಳುವಂತಿಲ್ಲ. ಪರಿಹಾರ ಸುಲಭ: ಮುಖ್ಯ ಪದವನ್ನು ಶೀರ್ಷಿಕೆಯಲ್ಲೋ ಮೊದಲ ಪ್ಯಾರಾದಲ್ಲೋ ಒಮ್ಮೆಯಾದರೂ ಮೂಲ ರೂಪದಲ್ಲಿ ಬರೆಯಿರಿ. "ನೆರಳು ಎಂದರೇನು?" ಎಂಬ ಉಪಶೀರ್ಷಿಕೆ ಇದ್ದರೆ ಕೆಲಸ ಆಯಿತು.

ಮೂರನೆಯದು ಪಾರಿಭಾಷಿಕ ಪದ. ಇದು ಗಡಿನಾಡಿನವರ ವಿಶೇಷ ಸಮಸ್ಯೆ. ನಮ್ಮ ಪಠ್ಯಪುಸ್ತಕಗಳು ಒಂದೇ ಕಡೆಯಿಂದ ಬರುವುದಿಲ್ಲ. ಕಾಸರಗೋಡಿಗೆ ಕೇರಳದ ಎಸ್‌ಸಿಇಆರ್‌ಟಿ, ಸೊಲ್ಲಾಪುರ, ಜತ್ತಕ್ಕೆ ಬಾಲಭಾರತಿ, ಹೀಗೆ. ಮೇಲಾಗಿ ಮಗು ಶಾಲೆಯ ಹೊರಗೆ ಕೇಳುವ ಪದವೇ ಬೇರೆ. ದ್ಯುತಿಸಂಶ್ಲೇಷಣೆ ಎಂದು ನಾವು ಕಲಿಸುವುದು ಮಲಯಾಳದಲ್ಲಿ ಪ್ರಕಾಶಸಂಶ್ಲೇಷಣಂ, ಮರಾಠಿಯಲ್ಲಿ ಪ್ರಕಾಶ ಸಂಶ್ಲೇಷಣ, ತೆಲುಗಿನಲ್ಲಿ ಕಿರಣಜನ್ಯ ಸಂಯೋಗಕ್ರಿಯ, ತಮಿಳಿನಲ್ಲಿ ಒಳಿಚ್ಚೇರ್ಕೈ. ಕನ್ನಡದ ಒಳಗೂ ಆಮ್ಲಜನಕ-ಆಕ್ಸಿಜನ್, ಜಲಜನಕ-ಹೈಡ್ರೋಜನ್, ಜೀವಸತ್ವ-ವಿಟಮಿನ್ ಎಂದು ಎರಡೆರಡು. ಹುಡುಕುವ ಮಗುವಿಗೆ ಯಾವ ಪದ ಗೊತ್ತಿದೆಯೋ ಹೇಳಲಾಗದು. ಆದ್ದರಿಂದ ಮೊದಲ ಪ್ಯಾರಾದಲ್ಲಿ ಒಂದು ವಾಕ್ಯ ಇಡಿ: "ಇದನ್ನು ಫೋಟೋಸಿಂಥೆಸಿಸ್ ಎಂದೂ ಪ್ರಕಾಶ ಸಂಶ್ಲೇಷಣೆ ಎಂದೂ ಕರೆಯುತ್ತಾರೆ." ಆಮೇಲೆ ಒಂದೇ ಪದವನ್ನು ಕೊನೆಯವರೆಗೆ ಬಳಸಿ. ಈ ಒಂದು ವಾಕ್ಯ ನೆರೆಯ ರಾಜ್ಯದ ಕನ್ನಡ ಮಗುವಿಗೆ ತೆರೆದಿಟ್ಟ ಬಾಗಿಲು.

ನಾಲ್ಕನೆಯದು ಪುಟದ ನೋಟ. ಕನ್ನಡದಲ್ಲಿ ದೊಡ್ಡಕ್ಷರ, ಚಿಕ್ಕಕ್ಷರ ಎಂಬ ಭೇದ ಇಲ್ಲ, ಹಾಗಾಗಿ ಶೀರ್ಷಿಕೆಯ ಗಾತ್ರದಲ್ಲೇ ವ್ಯತ್ಯಾಸ ತೋರಬೇಕು. ಒತ್ತಕ್ಷರಗಳು ಸಾಲಿನ ಕೆಳಗೆ ಇಳಿಯುವುದರಿಂದ ಸಾಲುಗಳ ನಡುವೆ ಇಂಗ್ಲಿಷಿಗಿಂತ ಹೆಚ್ಚು ಜಾಗ ಬೇಕು. ಒಂದೂವರೆ ಪಟ್ಟು ಇಟ್ಟರೆ ಹಿತ. ನಮ್ಮ ಪದಗಳು ಉದ್ದ, ಆದ್ದರಿಂದ ಎರಡೂ ಬದಿ ಸಮ ಮಾಡಿದರೆ ಫೋನಿನ ಪರದೆಯಲ್ಲಿ ಪದಗಳ ಮಧ್ಯೆ ದೊಡ್ಡ ದೊಡ್ಡ ಖಾಲಿ ಬೀಳುತ್ತದೆ. ಎಡಕ್ಕೆ ಮಾತ್ರ ಸಮ ಮಾಡಿ ಬಿಟ್ಟುಬಿಡಿ. ಓರೆ ಅಕ್ಷರ ಕನ್ನಡಕ್ಕೆ ಒಗ್ಗುವುದಿಲ್ಲ. ಇಡೀ ಪ್ಯಾರಾವನ್ನು ದಪ್ಪ ಮಾಡಿದರೆ ಒತ್ತುಗಳೆಲ್ಲ ಕೂಡಿಕೊಂಡು ಮಸಿಯ ಹನಿ ಬಿದ್ದಂತೆ ಕಾಣುತ್ತದೆ.

ಸಮಯ ಎಲ್ಲಿದೆ ಎನ್ನುವವರಿಗೆ

"ಪಾಠ, ಪರೀಕ್ಷೆ, ಬಿಸಿಯೂಟದ ಲೆಕ್ಕ, ಸರಕಾರದ ಹತ್ತು ತರಬೇತಿ. ಇದರ ಮಧ್ಯೆ ಹೆಡಿಂಗ್ ಶೈಲಿ ಹುಡುಕುತ್ತ ಕೂರಲಿಕ್ಕೆ ಸಮಯ ಎಲ್ಲಿ?" ಎಂದು ನೀವು ಕೇಳುವುದು ಸಹಜ. ನ್ಯಾಯವಾದ ಮಾತೇ. ಆದರೆ ನೋಟ್ಸ್ ಬರೆಯಲು ಎರಡು ಗಂಟೆ ಕೊಟ್ಟವರಿಗೆ ಇದು ಹತ್ತು ನಿಮಿಷದ ಕೆಲಸ. ಆ ಹತ್ತು ನಿಮಿಷ ಉಳಿಸಿದ್ದರಿಂದ ಆ ಎರಡು ಗಂಟೆಯ ಕೆಲಸವೇ ಯಾರಿಗೂ ಸಿಗದೆ ಹೋಗುತ್ತದೆ, ಮುಂದಿನ ವರ್ಷ ಇನ್ನೊಂದು ಶಾಲೆಯ ಅಧ್ಯಾಪಕರು ಅದೇ ನೋಟ್ಸನ್ನು ಮತ್ತೆ ಮೊದಲಿಂದ ಬರೆಯುತ್ತಾರೆ. ನಷ್ಟ ಎಲ್ಲಿದೆ ನೀವೇ ಹೇಳಿ.

"ವಾಟ್ಸಾಪಿನಲ್ಲಿ ಹಾಕಿದರೆ ಎಲ್ಲರೂ ನೋಡುತ್ತಾರಲ್ಲ?" ಎಂಬುದು ಇನ್ನೊಂದು ಮಾತು. ನೋಡುತ್ತಾರೆ, ಆ ದಿನ. ಗುಂಪಿನ ಒಳಗಿನದ್ದು ಹೊರಗಿನ ಹುಡುಕಾಟಕ್ಕೆ ಸಿಗುವುದಿಲ್ಲ. ಮೂರು ದಿನದಲ್ಲಿ ಅದರ ಮೇಲೆ ಶುಭೋದಯದ ಹೂವುಗಳು ಬಿದ್ದು ಮುಚ್ಚಿಹೋಗುತ್ತದೆ. ಫೋಟೋದಿಂದ ಅಕ್ಷರ ಗುರುತಿಸುವ ತಂತ್ರ ಈಗ ಉಂಟಲ್ಲ ಎನ್ನುವವರೂ ಇದ್ದಾರೆ. ಉಂಟು, ಆದರೆ ಕೈಬರಹ, ಒತ್ತಕ್ಷರ, ಮಸುಕಾದ ಪ್ರತಿ ಇದ್ದಲ್ಲಿ ಅದು ತಪ್ಪುತ್ತದೆ. ನಮ್ಮ ಪಾಠದ ಹಣೆಬರಹವನ್ನು ಅದರ ಊಹೆಗೆ ಬಿಡುವುದು ಯಾಕೆ?

ನಮ್ಮ ಸಂಘ ಮಾಡಬಹುದಾದ್ದು

ಸಂಘದ ಮುಂದೆ ನನ್ನ ಸೂಚನೆ ಇಷ್ಟು. ಇನ್ನು ಮುಂದೆ ಸಂಘದ ಹೆಸರಿನಲ್ಲಿ ಹೋಗುವ ಯಾವ ವಿಜ್ಞಾನ ಬರಹವೂ ಹಳೆಯ ಫಾಂಟಿನಲ್ಲಾಗಲಿ ಬರೀ ಫೋಟೋ ಆಗಿ ಆಗಲಿ ಹೋಗಬಾರದು. ಪ್ರತಿ ಬರಹದ ಮೇಲ್ಭಾಗದಲ್ಲಿ ವಿಷಯ, ತರಗತಿ, ಯಾವ ರಾಜ್ಯದ ಪಠ್ಯ, ಬರೆದ ದಿನಾಂಕ ಇರಬೇಕು. "ನಾಳೆಯ ಗ್ರಹಣ" ಎಂದು ಬರೆಯುವಂತಿಲ್ಲ, ದಿನಾಂಕ ಪೂರ್ತಿ ಬೇಕು. ಕಡತಕ್ಕೆ "ಹೊಸ ಕಡತ 3" ಎಂಬಂಥ ಹೆಸರು ಬೇಡ, "ಕಂಕಣ ಸೂರ್ಯಗ್ರಹಣ ವಿವರಣೆ" ಎಂದೇ ಇರಲಿ. ಪ್ರತಿ ಚಿತ್ರಕ್ಕೆ ಒಂದು ವಾಕ್ಯದ ವಿವರಣೆ ಬೇಕು: "ಸೂರ್ಯ, ಚಂದ್ರ, ಭೂಮಿ ಒಂದೇ ಸಾಲಿನಲ್ಲಿ, ಚಂದ್ರನ ನೆರಳಿನ ತುದಿ ಭೂಮಿಗೆ ತಲುಪಿಲ್ಲ." ಕೊನೆಯದಾಗಿ, ಐದು ರಾಜ್ಯಗಳ ಕನ್ನಡ ಮಾಧ್ಯಮದ ಅಧ್ಯಾಪಕರು ಸೇರಿ ವಿಜ್ಞಾನದ ಮುಖ್ಯ ಪದಗಳ ಒಂದು ಸಮಾನಪದ ಪಟ್ಟಿ ಮಾಡಬೇಕು. ಬರೆಯುವವರು ಅದನ್ನು ಪಕ್ಕದಲ್ಲಿಟ್ಟುಕೊಂಡರೆ ಸಾಕು.

ಕೆಲಸ ಶುರುಮಾಡಲು ಗಡುವೂ ಆಕಾಶದಲ್ಲೇ ಇದೆ. 2027ರ ಆಗಸ್ಟ್ 2ರ ಗ್ರಹಣ ಭಾರತದ ಪಶ್ಚಿಮ ಭಾಗಕ್ಕೆ ಪಾರ್ಶ್ವ ಗ್ರಹಣವಾಗಿ ಕಾಣಲಿದೆ. 2031ರ ಮೇ 21ಕ್ಕೆ ಮತ್ತೊಂದು ಕಂಕಣ ಗ್ರಹಣದ ಹಾದಿ ಕೇರಳ, ತಮಿಳುನಾಡುಗಳ ದಕ್ಷಿಣ ಭಾಗದಲ್ಲಿ ಹಾಯುತ್ತದೆ. ಆ ದಿನಗಳ ಹಿಂದಿನ ರಾತ್ರಿ ಯಾವುದೋ ಮನೆಯಲ್ಲಿ ಒಂದು ಮಗು ಕನ್ನಡದಲ್ಲೇ ಟೈಪ್ ಮಾಡುತ್ತದೆ: "ಗ್ರಹಣದ ದಿನ ಊಟ ಮಾಡಬಹುದೇ?" "ಮಾಡಬಹುದು, ಹೊಟ್ಟೆ ತುಂಬ ಮಾಡು, ಕಾರಣ ಇದು" ಎಂಬ ಉತ್ತರ ನಮ್ಮ ಶಾಲೆಯೊಂದರ ಪುಟದಿಂದ ಸಿಗಬೇಕಾದರೆ ಅದಕ್ಕೆ ಆ ಪ್ರಶ್ನೆಯನ್ನೇ ಶೀರ್ಷಿಕೆ ಮಾಡಿ ಈಗಲೇ ಬರೆದಿಡಿ. ನಿಮ್ಮ ಹಳೆಯ ನೋಟ್ಸ್‌ಗಳಲ್ಲಿ ಒಂದನ್ನು ಈ ವಾರ ತೆರೆದು ಯೂನಿಕೋಡಿಗೆ ತಂದು, ಶೀರ್ಷಿಕೆ ಬದಲಿಸಿ ಕಳುಹಿಸಿ. ಒಬ್ಬೊಬ್ಬರು ಒಂದೊಂದು ಕಳುಹಿಸಿದರೂ ಮುಂದಿನ ಸಂಚಿಕೆಯ ಹೊತ್ತಿಗೆ ಒಳ್ಳೆಯ ಗಂಟಾಗುತ್ತದೆ.